ಬಾನೆಟ್ಟಿನೊಳಗಿನ ಹಲ್ಲಿ

ವಿಚಿತ್ರ ಅನುಭವ ಆಯಿತು ಎಂದು ಹೇಳಿಕೊಳ್ಳುವವರು ಸಿಕ್ಕರೆ ನನಗೆ ಮೊದಲಿನಿಂದಲೂ ಒಂದು ಹುರುಪು ಬರುತ್ತಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಎದುರಿನವರ ಮಾತಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕುವುದು ಊಟದಷ್ಟೇ ಅಭ್ಯಾಸವಾಗಿತ್ತು. ಒಮ್ಮೆ ಗೆಳತಿಯೊಬ್ಬಳು, ರಾಗಿಗುಡ್ಡದ ತಿರುವಿನಲ್ಲಿ ತನ್ನ ಸ್ಕೂಟರನ್ನು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು ಎಂದಳು. ಪೆಟ್ರೋಲ್ ಎಷ್ಟಿತ್ತು, ಆ ಜಾಗದ ಬಗ್ಗೆ ಮೊದಲೇ ಏನಾದರೂ ಕಥೆ ಕೇಳಿದ್ದೆಯಾ, ಅದೇ ತಿರುವನ್ನು ಏನೂ ಆಗದೆ ದಾಟಿದ ದಿನಗಳು ನೆನಪಿವೆಯಾ ಎಂದು ಕೇಳುತ್ತಾ ಹೋದೆ. ಅವಳು ಆಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ.

ಆ ಪ್ರಶ್ನೆಗಳು ಸರಿಯಾದವು ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಇದನ್ನು ಓದುವಾಗ ನೀವು ನನಗೂ ಅವನ್ನೇ ಕೇಳಬಹುದು. ನಾನೇ ಕೇಳಿಕೊಂಡು ನೋಡಿದ್ದೇನೆ. ಪೂರ್ತಿ ಉತ್ತರ ಸಿಕ್ಕಿದ್ದರೆ ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ.

ನನ್ನ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಭದ್ರಾವತಿಯಲ್ಲಿದ್ದಾರೆ. ದೊಡ್ಡಪ್ಪ ಅಲ್ಲಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಬೆಳಗ್ಗೆ ಮೈದಾನಕ್ಕೆ ಹೋಗಿ, ಯಾರ ಮನೆಯ ಮಕ್ಕಳೇ ಓಡುತ್ತಿರಲಿ, ನಿಲ್ಲಿಸಿ ಹಿಮ್ಮಡಿ ಹೇಗೆ ಎತ್ತಬೇಕೆಂದು ತಿದ್ದಿ ಬರುವವರು. ಕೆಲವು ವರ್ಷಗಳ ಹಿಂದೆ ಅವರ ಎಡಗಾಲಿನಿಂದ ಚಪ್ಪಲಿ ಕಳಚಿಕೊಳ್ಳತೊಡಗಿತು. ಚಪ್ಪಲಿ ಬೀಳುವುದು ದೊಡ್ಡ ವಿಷಯವಲ್ಲ. ಅದು ಹತ್ತು ಹೆಜ್ಜೆ ಹಿಂದೆ ಬಿದ್ದಿದ್ದರೂ ದೊಡ್ಡಪ್ಪನಿಗೆ ಗೊತ್ತಾಗದೆ ಬರಿಗಾಲಲ್ಲಿ ನಡೆಯುತ್ತಿದ್ದರು. ಅದು ದೊಡ್ಡ ವಿಷಯವಾಗಿತ್ತು.

ಶಿವಮೊಗ್ಗದ ಡಾಕ್ಟರು ಬೆನ್ನುಹುರಿ ಒತ್ತಿಕೊಂಡಿದೆ, ಆಪರೇಷನ್ ಮಾಡಬೇಕು ಎಂದರು. ತಡವಾದಷ್ಟೂ ಕಾಲಿಗೆ ಕಳೆದುಹೋದ ಶಕ್ತಿ ಮರಳುವುದು ಕಷ್ಟ. ಅಪಾಯ ಇಲ್ಲವೇ ಇಲ್ಲ ಎಂದು ಹೇಳಲಾರೆ, ಆದರೆ ಸುಮ್ಮನಿರುವುದು ಅದಕ್ಕಿಂತ ಅಪಾಯ ಎಂದು ಬಿಡಿಸಿ ಹೇಳಿದರು. ಮರುದಿನ ಸಂಜೆಯೊಳಗೆ ಫೋನ್ ಮಾಡಿ ಹೂಂ ಅಂದರೆ ಆ ವಾರವೇ ಮಾಡುತ್ತಾರೆ. ಇಲ್ಲದಿದ್ದರೆ ಅವರು ಪರ ಊರಿಗೆ ಹೋಗುವವರಿದ್ದರು, ಬರುವುದು ತಿಂಗಳ ಮೇಲೆ.

ದೊಡ್ಡಪ್ಪ ತಮ್ಮ ಕಾಲಿನ ತೀರ್ಮಾನವನ್ನು ಪೂರ್ತಿ ಹೆಂಡತಿಗೆ ಬಿಟ್ಟುಬಿಟ್ಟರು. ಅದಕ್ಕೂ ಕಾರಣವಿತ್ತು. ದೊಡ್ಡಮ್ಮನ ಸ್ವಂತ ಅಣ್ಣ, ಅಂದರೆ ನನ್ನ ಸೋದರಮಾವ, ಇಂಥದೇ ಆಪರೇಷನ್ನಿಗೆ ನಡೆದುಕೊಂಡು ಹೋಗಿ, ಮತ್ತೆಂದೂ ನಡೆಯದೆ, ಹಾಸಿಗೆಯಲ್ಲೇ ತೀರಿಕೊಂಡಿದ್ದರು. ಅವರನ್ನು ಕೊನೆಯವರೆಗೆ ನೋಡಿಕೊಂಡವರು ದೊಡ್ಡಮ್ಮನೇ. ‘ಅವಳು ಹೂಂ ಅಂದ್ರೆ ನಾಳೇನೇ ಮಲಕ್ಕೊಳ್ತೀನಿ. ಅವಳ ಮನಸ್ಸಿಗೆ ವಿರುದ್ಧ ಒಳಗೆ ಹೋಗಲ್ಲ’ ಎಂದು ದೊಡ್ಡಪ್ಪ ಆಸ್ಪತ್ರೆಯ ಬಾಗಿಲಲ್ಲೇ ಹೇಳಿದರು.

ನನ್ನ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಅವತ್ತು ಅವರಿಬ್ಬರನ್ನೂ ನನ್ನ ಕಾರಿನಲ್ಲೇ ಭದ್ರಾವತಿಗೆ ವಾಪಸ್ ಕರೆದುಕೊಂಡು ಹೊರಟೆ. ಅದು ಅಪ್ಪ ವರ್ಷಗಟ್ಟಲೆ ಓಡಿಸಿ ನನಗೆ ದಾಟಿಸಿದ ಪೆಟ್ರೋಲ್ ಕಾರು. ಕೆಲವು ವಾರಗಳಿಂದ ಅದರ ಇಂಜಿನ್ನಿನಿಂದ ಆಗಾಗ ಟಿಕ್ ಟಿಕ್ ಎಂದು ಸದ್ದು ಬರುತ್ತಿತ್ತು. ಬರುತ್ತಿತ್ತು, ಹೋಗುತ್ತಿತ್ತು, ನಾನು ತಲೆಕೆಡಿಸಿಕೊಂಡಿರಲಿಲ್ಲ. ದಾರಿಯಲ್ಲಿ ಕಬ್ಬಿಣದ ಸರಳು ಹೇರಿಕೊಂಡ ಲಾರಿಯ ಹಿಂದೆ ಸಿಕ್ಕಿಕೊಂಡು ನಿಧಾನ ಮಾಡಿದೆ. ಅದೇ ಹೊತ್ತಿಗೆ ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ, ತಮಗೆ ತಾವೇ ಎಂಬ ಹಾಗೆ, ‘ಕೊಯ್ಸೋದು ಬೇಡ. ಎಣ್ಣೆ ಹಚ್ಚಿ ನೀವಿದ್ರೆ ಹಾಗೇ ವಾಸಿಯಾಗುತ್ತೆ’ ಎಂದರು.

ಟಿಕ್ ಟಿಕ್ ಟಿಕ್ ಟಿಕ್.

ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡಿದ ಮಾತಿನ ಬೆನ್ನಿಗೇ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಆ ಮಾತು ಸತ್ಯವಾಗುತ್ತದೆ. ಕೇಳಿದವರು ಕೈಗೆ ಸಿಕ್ಕಿದ್ದನ್ನು ಬೆರಳಿನಿಂದ ತಟ್ಟಿ ‘ಶಿವ ಶಿವ’ ಎನ್ನಬೇಕು. ದೊಡ್ಡಮ್ಮ ನನ್ನ ಸೀಟಿನ ಬೆನ್ನನ್ನು ಮೂರು ಸಲ ತಟ್ಟಿದರು.

‘ಶಿವ ಶಿವ. ಹಲ್ಲಿ ನುಡೀತು ನೋಡೇ.’

‘ಕಾರಲ್ಲಿ ಯಾವ ಹಲ್ಲಿ ದೊಡ್ಡಮ್ಮ? ಅದು ಇಂಜಿನ್ ಸದ್ದು.’

‘ಇಂಜಿನ್ ಸದ್ದಾದ್ರೆ ಆಸ್ಪತ್ರೆಯಿಂದ ಇಲ್ಲೀತನಕ ಯಾಕೆ ಬರ್ಲಿಲ್ಲ? ನಾನು ಬಾಯಿ ಬಿಟ್ಟ ಮೇಲೇ ಯಾಕೆ ಬಂತು?’

ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ದೊಡ್ಡಪ್ಪ, ‘ಆ ಹಲ್ಲಿ ಯಾವ ಕಾಲೇಜಲ್ಲಿ ಎಂ.ಬಿ.ಬಿ.ಎಸ್. ಮಾಡಿದೆ ಕೇಳು’ ಎಂದರು. ಯಾರೂ ನಗಲಿಲ್ಲ. ಭದ್ರಾವತಿ ಮುಟ್ಟುವುದರೊಳಗೆ ದೊಡ್ಡಮ್ಮ ಮತ್ತೆರಡು ಸಲ ಅದೇ ಅರ್ಥದ ಮಾತು ಹೇಳಿದರು. ಎರಡೂ ಸಲ ಟಿಕ್ ಟಿಕ್ ಬಂತು. ಎರಡೂ ಸಲ ಅವರು ನನ್ನ ಸೀಟನ್ನು ತಟ್ಟಿದರು. ಮನೆಯ ಮುಂದೆ ಇಳಿಯುವಾಗ ಅವರ ಮುಖದಲ್ಲಿ ಆಸ್ಪತ್ರೆಯಲ್ಲಿದ್ದ ಗಾಬರಿ ಇರಲಿಲ್ಲ. ಒಂದು ನೆಮ್ಮದಿ ಇತ್ತು. ನನಗೆ ಹೆದರಿಕೆಯಾದದ್ದು ಆ ನೆಮ್ಮದಿ ಕಂಡು.

ರಾತ್ರಿ ಅವರ ಮನೆಯಲ್ಲೇ ಉಳಿದೆ, ಯೋಚಿಸಿದೆ. ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾರಾದರೂ ಮಾತಾಡಿದರೆ ಕೇಳಿಸಿಕೊಳ್ಳಲು ನಾನು ಗೊತ್ತಿಲ್ಲದೆ ಆಕ್ಸಿಲರೇಟರಿನಿಂದ ಕಾಲು ಸಡಿಲ ಮಾಡುತ್ತೇನೆ. ಇಂಜಿನ್ ನಿಧಾನವಾಗುತ್ತದೆ. ನಿಧಾನವಾದಾಗ ಮಾತ್ರ ಆ ಸದ್ದು ಕೇಳಿಸುತ್ತದೆ. ಆದ್ದರಿಂದ ಮಾತಿನ ಹಿಂದೆ ಸದ್ದು. ದೊಡ್ಡಮ್ಮ ‘ಕಿಟಕಿ ಸ್ವಲ್ಪ ಏರಿಸು’ ಎಂದಾಗಲೂ ಅದು ಬಂದಿತ್ತು. ಆಗ ಅವರು ತಟ್ಟಿರಲಿಲ್ಲ ಅಷ್ಟೆ. ಇಷ್ಟು ಅಚ್ಚುಕಟ್ಟಾದ ಖಂಡನೆ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಬೆಳಗ್ಗೆ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಒಲೆಯ ಕಡೆ ತಿರುಗಿಕೊಂಡೇ, ‘ನಿನ್ನ ಹತ್ತಿರ ಮಾತಿದೆ ಮಾರಾಯ್ತಿ. ನನ್ನ ಹತ್ತಿರ ನಮ್ಮಣ್ಣ ಇದ್ದ’ ಎಂದರು.

ಆಗ ನಾನು ಒಂದು ಪಣ ಕಟ್ಟಿದೆ. ‘ನನ್ನ ಜೊತೆ ಮೆಕ್ಯಾನಿಕ್ ಹತ್ತಿರ ಬನ್ನಿ. ಸದ್ದು ಎಲ್ಲಿಂದ ಬರ್ತಿದೆ ಅಂತ ಅವನು ನಿಮ್ಮ ಕಣ್ಣೆದುರೇ ತೋರಿಸ್ಬೇಕು. ತೋರಿಸಿದ್ರೆ ನೀವು ಹಲ್ಲಿ ಮಾತು ಬಿಡಿ. ತೋರಿಸದೆ ಇದ್ರೆ ನಾನು ಆಪರೇಷನ್ ಮಾತೆತ್ತಲ್ಲ.’

ಅವರು ಸೆರಗಿಗೆ ಕೈ ಒರೆಸಿಕೊಂಡು, ‘ನಡಿ’ ಎಂದರು. ಪಕ್ಕದ ಮನೆಯವರಿಗೆ ದೊಡ್ಡಪ್ಪನನ್ನು ನೋಡಿಕೊಳ್ಳಲು ಹೇಳಿ ಹೊರಟೆವು.

ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಗಳ ಸಾಲಿನ ಕೊನೆಯಲ್ಲಿ ಮುರುಗೇಶ ಎಂಬುವನ ವರ್ಕ್‌ಶಾಪ್ ಇದೆ. ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ, ಮನೆಮಾತು ತಮಿಳು, ಬಾಯಿ ಜೋರು. ವಿಷಯ ಕೇಳಿದವನೇ, ‘ಸೈಲೆನ್ಸರ್ ಪ್ಯಾಕಿಂಗ್ ಹೋಗಿದೆ ಮೇಡಂ. ಕಣ್ಣು ಮುಚ್ಕೊಂಡು ಹೇಳ್ತೀನಿ’ ಎಂದ.

‘ಕಣ್ಣು ಬಿಟ್ಕೊಂಡು ಹೇಳಪ್ಪ’ ಎಂದರು ದೊಡ್ಡಮ್ಮ.

ಪ್ಯಾಕಿಂಗ್ ಗಟ್ಟಿಯಾಗಿತ್ತು. ಆಮೇಲೆ ಬೆಲ್ಟ್ ಅಂದ. ಬೆಲ್ಟ್ ಬಿಚ್ಚಿಟ್ಟು ಚಾಲೂ ಮಾಡಿ ನೋಡಿದ, ಅದೂ ಅಲ್ಲ. ಅಸಲಿಗೆ ಸದ್ದೇ ಬರುತ್ತಿರಲಿಲ್ಲ. ಹಿಂದಿನ ದಿನ ದಾರಿಯುದ್ದಕ್ಕೂ ಲೊಚಗುಟ್ಟಿದ ಇಂಜಿನ್ ಈಗ ಹೊಸದರ ಹಾಗೆ ಮೆತ್ತಗೆ ಗುನುಗುತ್ತಿತ್ತು. ರೇಸ್ ಕೊಟ್ಟ, ಬಿಟ್ಟ, ಮತ್ತೆ ಕೊಟ್ಟ. ಏನಿಲ್ಲ. ದೊಡ್ಡಮ್ಮ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

‘ಈಗ ನಿಮ್ಮ ಮಾತು ಹೇಳಿ ನೋಡೋಣ. ಹಲ್ಲಿ ಯಾಕೆ ನುಡೀತಿಲ್ಲ?’ ಎಂದೆ ನಾನು, ಸಿಟ್ಟಿನಿಂದ.

‘ಇಷ್ಟು ಗಲಾಟೆಯಲ್ಲಿ ಯಾವ ಹಲ್ಲಿ ಬಾಯಿ ಬಿಡುತ್ತೆ?’

ಮುರುಗೇಶ ನಕ್ಕ. ನನಗೆ ನಗು ಬರಲಿಲ್ಲ. ನಾನು ಏನನ್ನು ಪಣಕ್ಕಿಟ್ಟಿದ್ದೇನೆ ಎಂಬುದು ಆಗ ತಟ್ಟನೆ ಅರಿವಿಗೆ ಬಂತು. ಸ್ಪರ್ಧೆಯಲ್ಲಾದರೆ ಸೋತರೆ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆವು. ಇಲ್ಲಿ ಒಂದು ಹಳೆಯ ಇಂಜಿನ್ ಸದ್ದು ಮಾಡದಿದ್ದರೆ ದೊಡ್ಡಪ್ಪನ ಕಾಲು ಹೋಗುತ್ತದೆ. ಇದುವರೆಗೆ ಸದ್ದು ನಿಲ್ಲಲಿ ಎಂದು ಬಯಸುತ್ತಿದ್ದವಳು ಈಗ ಒಂದೇ ಒಂದು ಸಲ ಬರಲಿ ಎಂದು ಹಲ್ಲು ಕಚ್ಚಿ ನಿಂತಿದ್ದೆ.

ಇಂಜಿನ್ ಚೆನ್ನಾಗಿ ಕಾಯಲಿ ಎಂದು ಮುರುಗೇಶ ಅದನ್ನು ಹಾಗೇ ಓಡಲು ಬಿಟ್ಟ. ಬಹಳ ಹೊತ್ತಿನ ಮೇಲೆ, ಇಂಜಿನ್ ತಣಿಸುವ ಫ್ಯಾನ್ ಒಮ್ಮೆ ತಿರುಗಿ ನಿಂತ ಮೇಲೆ, ಅದು ಶುರುವಾಯಿತು. ಟಿಕ್ ಟಿಕ್ ಟಿಕ್ ಟಿಕ್. ನನಗೆ ಅಳು ಬರುವಷ್ಟು ಸಮಾಧಾನವಾಯಿತು. ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೇಲೆ ಅಲ್ಲಿ ಇಲ್ಲಿ ಊರಿ, ಹಿಡಿಗೆ ಕಿವಿ ಕೊಟ್ಟು ಕೇಳುತ್ತಾ ಹೋದ. ಒಂದು ಕಡೆ ನಿಂತು ದೊಡ್ಡಮ್ಮನನ್ನು ಕರೆದ. ‘ಕಿವಿ ಇಡಿ ಅಮ್ಮಾ.’ ದೊಡ್ಡಮ್ಮ ಕಿವಿಯಿಟ್ಟು, ಥಟ್ಟನೆ ಹಿಂದೆ ಸರಿದರು.

‘ಒಳಗೆ ಏನೋ ಒದ್ದಾಡ್ತಾ ಇದೆ.’

‘ಟ್ಯಾಪೆಟ್ ಅಮ್ಮಾ. ವಾಲ್ವ್ ಮೇಲೆ ಹೊಡೀತಿದೆ. ಸಂದು ಜಾಸ್ತಿಯಾಗಿದೆ. ಇದನ್ನ ಸೆಟ್ ಮಾಡ್ಬೇಕಂದ್ರೆ ಇಂಜಿನ್ ಪೂರ್ತಿ ತಣ್ಣಗಾಗ್ಬೇಕು. ಬಿಸೀಲಿ ಮಾಡಿದ್ರೆ ಲೆಕ್ಕ ತಪ್ಪುತ್ತೆ.’

ಕಾರನ್ನು ತಗಡಿನ ಶೆಡ್ಡಿನಿಂದ ಹೊರಗೆ, ಬಯಲಿನಲ್ಲಿ ಗಾಳಿಗೆ ನಿಲ್ಲಿಸಿದ. ಬಾನೆಟ್ ಎತ್ತಿಟ್ಟ. ಬ್ಯಾಟರಿಯ ವೈರು ಬಿಚ್ಚಿ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿದ. ನಂತರ ಕಾಯುವುದೊಂದೇ ಕೆಲಸ. ಮಧ್ಯಾಹ್ನವೆಲ್ಲ ಕಾದೆವು. ಡಾಕ್ಟರಿಗೆ ಹೇಳಬೇಕಾದ ಸಂಜೆ ಹತ್ತಿರವಾಗುತ್ತಿತ್ತು, ಇಂಜಿನ್ ತಣ್ಣಗಾಗುತ್ತಿರಲಿಲ್ಲ. ನಡುವೆ ದೊಡ್ಡಪ್ಪನ ಫೋನ್ ಬಂತು.

‘ಕಾರಿನ ಆಪರೇಷನ್‌ಗೆ ಒಪ್ಪಿದಾಳಂತೆ, ಅಷ್ಟಾದ್ರೂ ಆಯ್ತಲ್ಲ’ ಎಂದವರು, ಸ್ವಲ್ಪ ಬಿಟ್ಟು, ‘ಎಡಗಾಲು ಇವತ್ತು ರಜಾ ಹಾಕಿದೆ ಕಣೇ. ಬಚ್ಚಲಲ್ಲಿ ಕೂತುಬಿಟ್ಟಿದ್ದೆ, ಪಕ್ಕದ ಮನೆಯವರು ಎತ್ತಿದ್ರು. ಪೆಟ್ಟೇನಿಲ್ಲ, ಅವಳಿಗೆ ಹೇಳ್ಬೇಡ’ ಎಂದರು.

ಫೋನಿನ ಸದ್ದು ಜೋರಾಗಿತ್ತು. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಮುರುಗೇಶ ಇಂಜಿನ್ನಿನ ಮೇಲೆ ಅಂಗೈ ಒತ್ತಿ, ನಮಗೂ ಒತ್ತಿ ನೋಡಲು ಹೇಳಿದ. ನೀರು ತುಂಬಿಟ್ಟ ಚೆಂಬಿನಷ್ಟು ತಣ್ಣಗಿತ್ತು. ಮೇಲಿನ ಮುಚ್ಚಳ ಬಿಚ್ಚಿದ. ಒಳಗೆ ಎಣ್ಣೆಯಲ್ಲಿ ಮಿಂದ ಪುಟ್ಟ ಪುಟ್ಟ ಕಬ್ಬಿಣದ ಕೈಗಳು ಸಾಲಾಗಿ ಕೂತಿದ್ದವು. ಒಂದೊಂದನ್ನೇ ಮುಟ್ಟಿ, ಒಂದರ ಹತ್ತಿರ ನಿಂತ. ಬೆರಳಿನಿಂದ ಅದನ್ನು ಮೇಲೆ ಕೆಳಗೆ ಆಡಿಸಿದ.

ಟಿಕ್. ಟಿಕ್. ಟಿಕ್.

‘ಇದೇ ಅಮ್ಮಾ ನಿಮ್ಮ ಹಲ್ಲಿ.’

ದೊಡ್ಡಮ್ಮ ಬಗ್ಗಿ ನೋಡಿದರು. ತಾವೂ ಬೆರಳಿಟ್ಟು ಆಡಿಸಿದರು. ಟಿಕ್ ಎಂದಿತು. ಅವನು ತೆಳುವಾದ ತಗಡಿನ ಅಳತೆ ಪಟ್ಟಿಯನ್ನು ಸಂದಿಗೆ ತೂರಿಸಿ, ಸ್ಕ್ರೂ ತಿರುಗಿಸಿ ಬಿಗಿ ಮಾಡಿದ. ಮತ್ತೆ ಬೆರಳಿಟ್ಟರೆ ಸದ್ದಿಲ್ಲ. ನಾನು ಗೆದ್ದಿದ್ದೆ. ಆದರೆ ದೊಡ್ಡಮ್ಮನ ಮುಖ ನೋಡಿದರೆ ಗೆದ್ದ ಹಾಗೆ ಅನ್ನಿಸಲಿಲ್ಲ. ಹಿಡಿದುಕೊಂಡಿದ್ದ ಕಂಬವನ್ನು ಯಾರೋ ಕಿತ್ತುಕೊಂಡ ಹಾಗೆ ಕಾರಿನ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಮುಚ್ಚಳಕ್ಕೆ ಹಚ್ಚುವ ಅಂಟು ಮುಗಿದಿದೆ, ತರ್ತೀನಿ ಎಂದು ಮುರುಗೇಶ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದ. ನಾನು ಸ್ಟೇರಿಂಗ್ ಹಿಂದೆ ಕೂತೆ. ಎತ್ತಿದ ಬಾನೆಟ್ಟಿನ ಪಕ್ಕದಿಂದ ಅಂಗಡಿಯ ಮುಂದೆ ನಿಂತ ಅವನ ನೀಲಿ ಅಂಗಿ ಕಾಣುತ್ತಿತ್ತು.

ಎರಡು ದಿನದಲ್ಲಿ ನನ್ನ ವಾದವೆಲ್ಲ ಹೇಳಿ ಮುಗಿದಿತ್ತು. ಫೋನ್ ಮಾಡಬೇಕಾದ ಹೊತ್ತು ಮೀರುತ್ತಿತ್ತು. ದೊಡ್ಡಮ್ಮ ಎದುರಿಗೆ ನೋಡುತ್ತಾ, ಬಹಳ ಮೆಲ್ಲಗೆ, ‘ಕೊಯ್ಸಿದ್ರೆ ಇವರು ಮತ್ತೆ ನಡೀತಾರೆ ಅನ್ಸುತ್ತಪ್ಪ’ ಎಂದರು.

ಟಿಕ್. ಟಿಕ್. ಟಿಕ್.

ಮೂರು ಸಲ. ನಿಧಾನವಾಗಿ, ಒಂದೇ ಅಂತರದಲ್ಲಿ. ಇಂಜಿನ್ ಇದ್ದ ಕಡೆಯಿಂದ.

ಪಕ್ಕಕ್ಕೆ ತಿರುಗಿದೆ. ದೊಡ್ಡಮ್ಮ ನನ್ನ ಕೈಯನ್ನು ನೋಡುತ್ತಿದ್ದರು. ನಾನೂ ನೋಡಿಕೊಂಡೆ. ನನ್ನ ಬಲಗೈಯ ತೋರುಬೆರಳು ಸ್ಟೇರಿಂಗನ್ನು ತಟ್ಟಿ ಮುಗಿಸಿ, ಇನ್ನೂ ಅದರ ಮೇಲೇ ನಿಂತಿತ್ತು. ಅದನ್ನು ನಾನು ತಟ್ಟಿಸಿರಲಿಲ್ಲ. ತಟ್ಟಿತ್ತು. ದೊಡ್ಡಮ್ಮ ಏನನ್ನೂ ಕೇಳದೆ, ‘ಫೋನ್ ಕೊಡಿಲ್ಲಿ. ಡಾಕ್ಟ್ರ ನಂಬರ್ ಹಾಕ್ಕೊಡು’ ಎಂದರು.

ಅವರು ಮಾತಾಡುತ್ತಿದ್ದಾಗ ನಾನು ಇಳಿದು ಓಡಿದೆ. ಇಂಜಿನ್ನಿನ ಮೇಲೆ ಕೈಯಿಟ್ಟೆ; ತಣ್ಣಗಿತ್ತು. ಬ್ಯಾಟರಿಯ ವೈರು ಬಟ್ಟೆ ಸುತ್ತಿಕೊಂಡು ಹಾಗೇ ಬಿದ್ದಿತ್ತು. ಆ ಕಬ್ಬಿಣದ ಕೈಗಳನ್ನು ಒಂದೊಂದಾಗಿ ಆಡಿಸಿದೆ. ಯಾವುದೂ ಸದ್ದು ಮಾಡಲಿಲ್ಲ. ಚಕ್ರದ ಸಂದು, ಬ್ಯಾಟರಿಯ ಕೆಳಗೆ, ಎಲ್ಲ ಕಡೆ ಕಣ್ಣು ಹಾಯಿಸಿದೆ. ನಿಜವಾದ ಹಲ್ಲಿಯನ್ನು ಹುಡುಕುತ್ತಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೂ ಹುಡುಕಿದೆ. ಸಿಗಲಿಲ್ಲ. ಮುರುಗೇಶ ಅಂಟು ಹಿಡಿದು ವಾಪಸ್ ಬಂದು, ‘ಏನು ಬಿದ್ದೋಯ್ತು ಮೇಡಂ?’ ಎಂದ. ಏನಿಲ್ಲ ಎಂದೆ. ಅವನು ಮುಚ್ಚಳ ಕೂರಿಸಿ, ಬ್ಯಾಟರಿಯ ವೈರು ಜೋಡಿಸಿ ಚಾಲೂ ಮಾಡಿದ. ಇಂಜಿನ್ ಬೆಣ್ಣೆಯ ಹಾಗೆ ಓಡಿತು.

ಸಂಜೆ ತಂಪಿಗೆ ಬಿಸಿಲಲ್ಲಿ ಕಾದ ತಗಡು ಕುಗ್ಗಿದರೆ ಟಿಕ್ ಎನ್ನುತ್ತದೆ. ಮೊದಲು ಹೊಳೆದದ್ದು ಅದೇ. ಆ ಮೇಲೆ ಎಷ್ಟೋ ಸಂಜೆ ಕಾರನ್ನು ಬಯಲಿನಲ್ಲಿ ನಿಲ್ಲಿಸಿ, ಒಳಗೆ ಕೂತು ಕೇಳಿದ್ದೇನೆ. ತಗಡು ಸದ್ದು ಮಾಡುವುದು ನಿಜ. ಎಲ್ಲೋ ಒಂದು ಟಿಕ್, ಬಹಳ ಹೊತ್ತಿನ ಮೇಲೆ ಇನ್ನೊಂದು. ಹಾಗೆ ಮೂರು, ಹಾಗೆ ಸಮನಾಗಿ, ಒಮ್ಮೆಯೂ ಕೇಳಿಲ್ಲ. ಆದರೂ ಅದೇ ಇರಬಹುದು ಎಂದು ನನ್ನನ್ನು ನಾನು ಒಪ್ಪಿಸಿಕೊಂಡಿದ್ದೆ.

ಆಪರೇಷನ್ ಆಯಿತು. ದೊಡ್ಡಪ್ಪ ಕೋಲು ಹಿಡಿದು ಮೈದಾನಕ್ಕೆ ಹೋಗುತ್ತಾರೆ. ಎಡ ಹಿಮ್ಮಡಿ ಇನ್ನೂ ಸ್ವಲ್ಪ ಎಳೆಯುತ್ತದೆ. ಓಡುವ ಮಕ್ಕಳನ್ನು ನಿಲ್ಲಿಸಿ ಹಿಮ್ಮಡಿ ಎತ್ತಲು ಹೇಳಿದರೆ ಅವು ಇವರ ಕಾಲನ್ನೇ ನೋಡುತ್ತವಂತೆ. ‘ನನ್ನ ಕಾಲು ನೋಡ್ಬೇಡಿ, ಬಾಯಿ ನೋಡಿ ಅಂತೀನಿ’ ಎಂದು ನಗುತ್ತಾರೆ.

ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿದೆ. ‘ಅವತ್ತು ಮುರುಗೇಶನ ಹತ್ತಿರ ಆ ಸದ್ದು ಬಂದಾಗ ನೀವು ಯಾಕೆ ಬೆರಳು ತಟ್ಟಲಿಲ್ಲ ದೊಡ್ಡಮ್ಮ?’

‘ಯಾವ ಸದ್ದೇ?’

‘ನೀವು ಕಾರಲ್ಲಿ ಕೂತು, ಇವರು ಮತ್ತೆ ನಡೀತಾರೆ ಅಂದ್ರಲ್ಲ, ಆಗ.’

ಅವರು ಸುಲಿಯುವುದನ್ನು ನಿಲ್ಲಿಸಿದರು. ಮುಖದಲ್ಲಿ ತಮಾಷೆ ಇದೆಯೇ ಎಂದು ನೋಡಿದೆ. ಇರಲಿಲ್ಲ. ‘ನಂಗೇನೂ ಕೇಳಿಸ್ಲಿಲ್ಲ ಮಾರಾಯ್ತಿ. ನೀನು ಇದ್ದಕ್ಕಿದ್ದ ಹಾಗೆ ಸ್ಟೇರಿಂಗ್ ತಟ್ಟಿ ಶಿವ ಶಿವ ಅಂದೆ. ಅಷ್ಟೊಂದು ವಾದ ಮಾಡಿದೋಳಿಗೂ ನನ್ನಷ್ಟೇ ಹೆದರಿಕೆ ಇದೆ ಅಂತ ಆಗ ಗೊತ್ತಾಯ್ತು. ಒಬ್ಬಳೇ ಹೆದರ್ಕೊಂಡು ಹೂಂ ಅನ್ನೋದು ಕಷ್ಟ. ಇಬ್ಬರಾದ್ರೆ ಅನ್ನಬಹುದು.’

ಶಿವ ಶಿವ ಎಂದದ್ದು ನನಗೆ ನೆನಪಿಲ್ಲ. ಇವತ್ತಿಗೂ ನೆನಪಿಲ್ಲ.

ನೀವು ಹೇಳಬಹುದಾದದ್ದು ನನಗೆ ಗೊತ್ತು: ಸದ್ದು ಬರಲೇ ಇಲ್ಲ, ನಾನು ಬಯಸಿದ್ದನ್ನು ನಾನು ಕೇಳಿಸಿಕೊಂಡೆ. ಎದುರು ಪಾಳಯದಲ್ಲಿದ್ದರೆ ನಾನೂ ಅದನ್ನೇ ಹೇಳಿ ಕೂರುತ್ತಿದ್ದೆ. ಆದರೆ ಆ ಹೊತ್ತಿಗೆ ನಾನು ಸದ್ದಿಗಾಗಿ ಕಾಯುತ್ತಿರಲಿಲ್ಲ. ಅದು ಸತ್ತಿತಲ್ಲ ಎಂದು ಉಸಿರು ಬಿಟ್ಟು ಕೂತವಳು. ನಂಬುವವರಿಗೆ ಕೇಳಿಸದೆ, ನಂಬದವಳೊಬ್ಬಳಿಗೇ ಯಾಕೆ ಕೇಳಿಸಬೇಕಿತ್ತು ಎಂಬುದಕ್ಕೆ ನನ್ನ ಹತ್ತಿರ ವಾದವಿಲ್ಲ.

ಆ ಕಾರು ಈಗಲೂ ನನ್ನ ಹತ್ತಿರವೇ ಇದೆ. ಸದ್ದಿಲ್ಲ. ತಪಾಸಣೆಗೆ ದೊಡ್ಡಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಬರುವಾಗ ಅವರು ಪಕ್ಕದ ಸೀಟಿನಲ್ಲಿ ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂರುತ್ತಾರೆ. ಮೊನ್ನೆ ಮಾಚೇನಹಳ್ಳಿ ದಾಟುವಾಗ, ‘ಬರೋ ವರ್ಷ ಈ ಕೋಲು ಬಿಸಾಕ್ತೀನಿ ನೋಡು’ ಎಂದರು. ನನ್ನ ಕಾಲು ಆಕ್ಸಿಲರೇಟರಿನ ಮೇಲಿಂದ ತಾನಾಗಿ ಸಡಿಲವಾಯಿತು. ಹಿಂದಿನ ಸೀಟಿನಲ್ಲಿ ಏನೋ ಹೇಳುತ್ತಿದ್ದ ದೊಡ್ಡಮ್ಮನೂ ಮಾತು ನಿಲ್ಲಿಸಿ ಕಿವಿಗೊಟ್ಟರು.